ನೀಲಮ್ಮ ಬಡಿದ ಐನೂರು ರೊಟ್ಟಿ

ಹೊಟ್ಟೆಯಲ್ಲಿ ಹುಟ್ಟದ ಮಗಳು ನೀಲಮ್ಮನಿಗೆ, ದಿನಾ ನಿನ್ನನ್ನು ಬೈಯುತ್ತಿದ್ದ ಆಯಿ ಬರೆಯುವುದು.

ನೀನು ಹೋಗಿ ಮೂರು ತಿಂಗಳಾಯಿತು. ಸತ್ತವರಿಗೆ ಕಾಗದ ಬರೆಯುವ ಮುದುಕಿಯನ್ನು ಕಂಡು ನೀನು ನಗುತ್ತೀ. ನಗು. ನಾನು ಬೇರೆ ಯಾರಿಗೆ ಹೇಳಲಿ? ಒಳಗಿನವರಿಗೆ ಎಲ್ಲ ಗೊತ್ತು, ಹೊರಗಿನವರಿಗೆ ಏನೂ ಹೇಳುವ ಹಾಗಿಲ್ಲ. ನಿನಗೊಂದು ಮಾತು ಕೊಟ್ಟಿದ್ದೆ. ಅದನ್ನು ನಡೆಸಿಲ್ಲ. ಅದಕ್ಕೇ ಈ ಕಾಗದ.

ನೀನು ಮೊದಲ ಸಲ ಬಂದ ದಿನ ನೆನಪಿದೆಯಾ? ಆಳಂದದ ಬಸ್ ಸ್ಟ್ಯಾಂಡಿನ ಹಿಂದೆ, ನನ್ನ ರೊಟ್ಟಿ ಅಂಗಡಿಯ ಕಟ್ಟೆ ಮೇಲೆ ಚೀಲ ಇಟ್ಟುಕೊಂಡು ನೀನು ಕೂತಿದ್ದೆ. "ಏಳಬೇ, ಗಿರಾಕಿ ಬರೋ ಹೊತ್ತು," ಎಂದು ಗದರಿದೆ. ನೀನು ಏಳಲಿಲ್ಲ. ಒಳಗೆ ಇಣುಕಿ, "ಹಿಟ್ಟು ಇನ್ನಾ ನಾದಬೇಕಿತ್ತು ಆಯಿ, ಅಂಚು ಸೀಳಾಕತ್ಯಾವ ನೋಡು," ಎಂದೆ. ನಲವತ್ತು ವರ್ಷ ರೊಟ್ಟಿ ಬಡಿದವಳಿಗೆ! ಸಿಟ್ಟಿನಿಂದ ಹಿಟ್ಟಿನ ಪರಾತ ನಿನ್ನ ಮುಂದೆ ನೂಕಿದೆ. ನೀನು ಸೆರಗು ಕಟ್ಟಿ ಕೂತು ಬಡಿದೆ. ಬಿಸಿಲಿಗೆ ಹಿಡಿದರೆ ಆ ಕಡೆಯ ಬೆರಳು ಕಾಣುವಷ್ಟು ತೆಳ್ಳಗಿತ್ತು. ಇನ್ನೊಂದು ಹಿಟ್ಟಿನ ಉಂಡೆ ನಿನ್ನ ಮುಂದಿಟ್ಟೆ. ನಾನು ಬೈಯಲಿಲ್ಲ ಅಂದರೆ ಹೊಗಳಿದ ಹಾಗೆ ಅಂತ ನಿನಗೆ ಆಮೇಲೆ ತಿಳಿಯಿತು.

ಅದೇ ಹೊತ್ತಿಗೆ ನೀನು ಎಲ್ಲವನ್ನೂ ಹೇಳಿಬಿಟ್ಟೆ. ಲಾರಿ ಓಡಿಸುತ್ತಿದ್ದ ಗಂಡ ಒಣಗಿ ಒಣಗಿ ಸತ್ತದ್ದು, ಗುಲ್ಬರ್ಗಾದ ದವಾಖಾನೆಯಲ್ಲಿ ನಿನ್ನ ರಕ್ತದಲ್ಲೂ ಅದೇ ಇದೆ ಎಂದದ್ದು, ಕಿಣ್ಣಿ ಸುಲ್ತಾನದ ಅತ್ತೆಮನೆಯವರು ನಿನ್ನ ಹಾಸಿಗೆಯನ್ನು ಅಂಗಳಕ್ಕೆ ಎಸೆದದ್ದು. "ಈಗ ಹೇಳು ಆಯಿ, ಇರಲೇನು, ಹೋಗಲೇನು?" ಇರು ಎಂದೆ. ಆದರೆ ಅನ್ನುತ್ತಲೇ ನನ್ನ ನೀರಿನ ತಂಬಿಗೆಯನ್ನು ಈಚೆ ಎಳೆದುಕೊಂಡೆ. ನೀನು ನೋಡಿದೆ. ನೋಡಿಯೂ ಹಿಟ್ಟು ನಾದುತ್ತಲೇ ಇದ್ದೆ.

ಮರುವಾರ ನಿನ್ನ ಜೊತೆ ನಾನೇ ಗುಲ್ಬರ್ಗಾದ ದವಾಖಾನೆಗೆ ಬಂದೆನಲ್ಲ, ನನ್ನ ಬಾಯಿ ಕೇಳಬೇಕೆ? ಅಷ್ಟು ಮಂದಿಯ ನಡುವೆ ಸಿಸ್ಟರನ್ನು ಕೂಗಿ, "ರೊಟ್ಟಿಯೊಳಗ ಹಾದು ಬರ್ತದೇನ್ರಿ ಇದು?" ಎಂದು ಕೇಳಿದೆ. ನೀನು ನಾಚಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. "ಇಲ್ಲಜ್ಜಿ, ಮುಟ್ಟಿದ್ರ ಬರಂಗಿಲ್ಲ, ಒಂದೇ ತಾಟಿನ್ಯಾಗ ಉಂಡ್ರ ಬರಂಗಿಲ್ಲ," ಎಂದಳು ಆಕೆ. ಬಸ್ಸಿನಲ್ಲಿ ಬರುವಾಗ ನನ್ನ ತಂಬಿಗೆ ನಿನ್ನ ಕೈಗೆ ಕೊಟ್ಟೆ. ನೀನು ಬೇಕೆಂದೇ ಗಟಗಟ ಕುಡಿದು ಪೂರಾ ಖಾಲಿ ಮಾಡಿದೆ, ಕಳ್ಳಿ.

ಆಮೇಲೆ ಆ ಸಿಸ್ಟರೇ ನಿನ್ನಂಥವರನ್ನು ಒಬ್ಬೊಬ್ಬರಾಗಿ ಕಳಿಸಿದಳು. ನಿಂಬರ್ಗಾದ ಶಿವಕಾಂತಾ ಬಂದಳು, ಕಂಕುಳಲ್ಲಿ ಕೂಸು. ರಜಿಯಾ ಬಂದಳು. ಅಂಗಡಿಗೂ ಹಿಂದಿನ ಕೋಣೆಗೂ ನಡುವೆ ಬಾಗಿಲು ಹಾಕಿಸಿದೆ. ಯಾರಾದರೂ ಕೇಳಿದರೆ, ಒಳಗಿನವರು ಭಾಂಡೆ ತಿಕ್ಕುವವರು, ರೊಟ್ಟಿ ಬಡಿಯುವವಳು ನಾನು ಅನ್ನುತ್ತಿದ್ದೆ. ಊರು ನಂಬಿತು. ನನ್ನ ಬೆರಳು ಯಾವಾಗಲೋ ಸೊಟ್ಟಗಾಗಿವೆ, ಅದನ್ನು ಯಾರೂ ನೋಡಲಿಲ್ಲ. ಕಿಣ್ಣಿ ಬಸ್ಸು ಬಂದಾಗಲೆಲ್ಲ ಎದ್ದು ನಡುವಿನ ಬಾಗಿಲು ಎಳೆಯುತ್ತಿದ್ದೆ. ಆ ಊರಿನವರು ಯಾರಾದರೂ ಇಳಿದು ನಿನ್ನ ಗುರುತು ಹಿಡಿದರೆ? ಮರುದಿನ ನಾಯಿಯೂ ನಮ್ಮ ರೊಟ್ಟಿ ಮೂಸುತ್ತಿರಲಿಲ್ಲ. ಮೂರು ಹೆಂಗಸರು, ಒಂದು ಕೂಸು, ಎಲ್ಲಿಗೆ ಹೋಗಬೇಕಿತ್ತು?

ತೊಗರಿ ವ್ಯಾಪಾರಿ ಅಣ್ಣಾರಾವ ಬಂದ ದಿನ ನೀನು ಬಾಗಿಲ ಸಂದಿಯಲ್ಲೇ ಇದ್ದೆ. ಆ ರೋಗದವರ ಸಲುವಾಗಿ ಧರ್ಮಶಾಲೆಯಲ್ಲಿ ಊಟ ಇಟ್ಟಿದ್ದಾರೆ, ಉಂಡವರು ಕೈಲಾದಷ್ಟು ದುಡ್ಡು, ಕಾಳು ಕೊಡಬೇಕು, ಆಳಂದ, ಅಫಜಲಪುರ, ಜೇವರ್ಗಿ ಮೂರೂ ಕಡೆಯ ರೋಗಿಗಳಿಗೆ ಹಂಚುತ್ತಾರೆ ಎಂದ. "ಐನೂರು ಕಡಕ್ ರೊಟ್ಟಿ ಬೇಕ್ರಿ ಆಯಿ. ಆ ತೆಳ್ಳನವೇ ಬೇಕು ಮತ್ತ. ನಿಮ್ಮ ಕೈ ಏನ್ ಕೈರಿ!" ಆತ ಹೋದ ಮೇಲೆ ನೀನು ಕೆಮ್ಮುತ್ತ ನಕ್ಕೆ, ನಗುತ್ತ ಕೆಮ್ಮಿದೆ. "ಬಾ ಆಯಿ, ನಿನ್ನ ಕೈಗೆ ದೃಷ್ಟಿ ತೆಗೀತೇನಿ."

ಐನೂರನ್ನೂ ನಾನೇ ಬಡಿಯುತ್ತೇನೆ ಎಂದು ನೀನು ಹಟ ಹಿಡಿದೆ. ಹತ್ತು ಬಡಿದರೆ ಗೋಡೆಗೆ ಒರಗುತ್ತಿದ್ದೆ. ಬ್ಯಾಡಬೇ ಎಂದು ನಾನು ಬೈದೆ, ಹಿಟ್ಟು ಕಸಿದುಕೊಂಡೆ, ನೀನು ಕೇಳಿದೆಯಾ? ಕೊನೆಯ ಬುಟ್ಟಿಗೆ ಬಟ್ಟೆ ಮುಚ್ಚಿದ ದಿನ ನನ್ನ ಕೈ ಹಿಡಿದು, "ನಾಕು ವರ್ಷದಾಗ ಒಬ್ಬರೂ ನೀಲಮ್ಮನ ರೊಟ್ಟಿ ಅನ್ನಲಿಲ್ಲ ಆಯಿ. ನಾ ಹೋದ ಮ್ಯಾಲ ಒಮ್ಮೆಯರ ಊರಿಗೆ ಹೇಳು. ಸತ್ತಾಕಿನ್ನ ಯಾರು ಊರ ಬಿಡಸ್ತಾರ?" ಎಂದೆ. "ಹೇಳ್ತೇನಿ, ಸುಮ್ನ ಮಲ್ಕೋ," ಎಂದೆ ನಾನು. ನಿನ್ನನ್ನು ಮಲಗಿಸಲಿಕ್ಕೆ ಹಾಗೆ ಅಂದಿದ್ದೆ. ಆದರೆ ಮಾತು ಮಾತೇ.

ನಿನ್ನನ್ನು ಮಣ್ಣು ಮಾಡಿ ಬಂದ ಒಂಬತ್ತನೇ ದಿನಕ್ಕೆ ಆ ಊಟ. ಕಿಣ್ಣಿಯಿಂದ ಯಾರೂ ಬಂದಿರಲಿಲ್ಲ. ಕೇಳಿದವರಿಗೆ, ಭಾಂಡೆ ತಿಕ್ಕುವವಳಿಗೆ ಕಾಮಾಲೆ ಆಗಿತ್ತು ಎಂದಿದ್ದೆ. ಕಡಕ್ ರೊಟ್ಟಿ ತಿಂಗಳಾದರೂ ಕೆಡುವುದಿಲ್ಲ. ನೀನು ಮಣ್ಣಾಗಿದ್ದೆ, ನಿನ್ನ ರೊಟ್ಟಿ ಗರಿಗರಿಯಾಗಿಯೇ ಇದ್ದವು. ನಾನೇ ಬುಟ್ಟಿ ಹೊತ್ತು ಬಡಿಸಿದೆ. ಗುಲ್ಬರ್ಗಾದಿಂದ ಬಂದ ಒಬ್ಬ ಮೇಡಂ ಎದ್ದು ನಿಂತು, ಜೊತೆಗೆ ಕೂತು ಉಂಡರೆ ಇದು ಬರುವುದಿಲ್ಲ ಎಂದು ತಿಳಿಸಿ ಹೇಳಿದಳು. ಪಂಕ್ತಿಯಲ್ಲಿ ಕೂತ ಬೇಳೆ ಗಿರಣಿಯ ಗುಮಾಸ್ತ ನಿನ್ನ ರೊಟ್ಟಿಯನ್ನು ಕಟಕ್ಕೆಂದು ಮುರಿದು, ಪಕ್ಕದವನಿಗೆ ಅಂದ: "ಆಕಿ ಏನರ ಅನ್ಲಿ. ಅಂಥವರ ಕೈಯಾಗಿಂದು ಯಾವನು ತಿಂತಾನಲೇ?"

ನನ್ನ ಸಿಟ್ಟು ನಿನಗೆ ಗೊತ್ತು. ಬುಟ್ಟಿ ಅವನ ತಲೆಯ ಮೇಲೆ ಬೋರಲು ಹಾಕಬೇಕು ಅನ್ನಿಸಿತು. 'ನೀನೇ ತಿನ್ನಾಕತ್ತೀಯಲ್ಲೋ' ಅನ್ನುವ ಮಾತು ಹಲ್ಲಿನ ತನಕ ಬಂದಿತ್ತು. ಅಲ್ಲೇ ಹೇಳಿಬಿಟ್ಟಿದ್ದರೆ ನಿನ್ನ ಋಣ ತೀರುತ್ತಿತ್ತು. ತಲೆ ಎತ್ತಿದರೆ ಬಾಗಿಲಲ್ಲಿ ಶಿವಕಾಂತಾ, ನೀರಿನ ಕೊಡ ಹಿಡಿದು ನನ್ನ ಬಾಯಿಯನ್ನೇ ನೋಡುತ್ತ ನಿಂತಿದ್ದಳು. ಸತ್ತವಳನ್ನು ಯಾರೂ ಊರು ಬಿಡಿಸುವುದಿಲ್ಲ, ಖರೆ. ಬದುಕಿದ್ದವರು? ನೀನು ಅದನ್ನು ಯಾಕೆ ವಿಚಾರ ಮಾಡಲಿಲ್ಲ ನೀಲಾ?

"ಇನ್ನೊಂದು ಹಾಕಲೇನೋ?" ಎಂದೆ.

"ಎರಡು ಹಾಕ್ರಿ ಆಯಿ," ಎಂದ.

ಹಾಕಿದೆ.

ಮರುದಿನ ಅಣ್ಣಾರಾವ ಆ ಮೇಡಂಳನ್ನು ಕರೆದುಕೊಂಡು ಅಂಗಡಿಗೇ ಬಂದ. ಊಟದಲ್ಲಿ ದುಡ್ಡು, ಕಾಳು ಚಲೋ ಕೂಡಿದೆ, ಜೋಳ, ಬೇಳೆ, ಕೂಸುಗಳಿಗೆ ಹಾಲಿನ ಪುಡಿ ಕೊಡುತ್ತಾರೆ, ದವಾಖಾನೆಗೆ ಹೋಗಲಿಕ್ಕೆ ಬಸ್ ಚಾರ್ಜು ಕೊಡುತ್ತಾರೆ. ಹೆಸರು, ಮನೆಯ ಗುರುತು ಬರೆಸಬೇಕು, ತಿಂಗಳಿಗೊಮ್ಮೆ ಜೀಪು ಮನೆಯ ಬಾಗಿಲಿಗೆ ಬರುತ್ತದೆ ಎಂದ. "ನಿಮಗ ಇಡೀ ಊರು ಗೊತ್ತದ ಆಯಿ. ಅಂಥವರು ಯಾರರ ಅದಾರೇನ್ರಿ?" ನೀರು ಕುಡಿದು ಬರುತ್ತೇನೆ ಎಂದು ಒಳಗೆ ಹೋದೆ. ಇಬ್ಬರೂ ಬಾಗಿಲಿಗೆ ಕಿವಿ ಹಚ್ಚಿದ್ದರು.

"ನಕ್ಕೋ ಆಯಿ, ಬ್ಯಾಡ," ಎಂದಳು ರಜಿಯಾ. "ಇವತ್ತು ಜೀಪು ನಿಂತ್ರ ನಾಳೆ ಒಲಿ ಆರ್ತದ."

"ಹಾಲಿನ ಪುಡಿ ಅಂದ್ರಲ್ಲ..." ಎಂದಳು ಶಿವಕಾಂತಾ. ಕೂಸನ್ನು ನೋಡಿದಳು. ಆಮೇಲೆ ತಾನೇ, "ಬ್ಯಾಡ ಬಿಡು," ಎಂದಳು.

ಹೊರಗೆ ಬಂದೆ. "ಇಲ್ರಿ. ನಮ್ಮಲ್ಲಿ ಅಂಥವರು ಯಾರೂ ಇಲ್ಲ."

"ನಾ ಹೇಳಿದ್ನಿಲ್ಲೇನ್ರಿ ಮೇಡಂ? ನಮ್ಮ ಊರು ಚೊಕ್ಕ ಅದ," ಎಂದು ಅಣ್ಣಾರಾವ ಹಿಗ್ಗಿದ. ಅವರು ತಂದ ವಹಿಯಲ್ಲಿ ಅಫಜಲಪುರದ ಹೆಸರಿದ್ದವು, ಜೇವರ್ಗಿಯ ಹೆಸರಿದ್ದವು. ಆಳಂದದ ಹಾಳೆಯನ್ನು ಬಿಳಿಯಾಗಿಯೇ ಬಿಟ್ಟು ಮಗುಚಿದರು. ಮೇಡಂಳನ್ನು ಒಬ್ಬಳನ್ನೇ ಬದಿಗೆ ಕರೆದು ಹೇಳಬಹುದಿತ್ತು ಅನ್ನುತ್ತೀಯಾ? ಆ ವಹಿ ಇದ್ದದ್ದು ಅಣ್ಣಾರಾವನ ಕೈಯಲ್ಲಿ. ನೀನು ಕೂತು ಬಡಿದ ಐನೂರು ರೊಟ್ಟಿಯಿಂದ ಕೂಡಿದ್ದು ಜೀಪು ಹತ್ತಿ ಹೋಯಿತು. ನಿನ್ನ ಹೆಸರು ಹೇಳುವುದು ಹಾಗಿರಲಿ, ನೀನು ಇರಲೇ ಇಲ್ಲ ಎಂದು ನನ್ನ ಬಾಯಿಂದಲೇ ಹೇಳಿ ಕಳಿಸಿದೆ. ಈಗ ಒಳಗೆ ಹೋದರೆ ಶಿವಕಾಂತಾಳ ಕೂಸು ಗಂಜಿ ಕುಡಿಯುವುದು ಕಾಣುತ್ತದೆ, ಹೊರಗೆ ಬಂದರೆ ಆ ಊಟದ ರೊಟ್ಟಿ ನೆನೆದು ನನ್ನ ಕೈ ಹೊಗಳುವವರು. ಎಲ್ಲಿ ಕೂಡಲಿ ಹೇಳು.

ಮೊನ್ನೆ ಸಿಸ್ಟರ್ ಇನ್ನೊಬ್ಬಳನ್ನು ಕಳಿಸಿದ್ದಾಳೆ. ಗೊಬ್ಬೂರದವಳು, ಮಾದೇವಿ ಅಂತ. ಇನ್ನೂ ಇಪ್ಪತ್ತೈದು ತುಂಬಿಲ್ಲ. ನಿನ್ನ ಜಾಗದಲ್ಲಿ ಕೂಡಿಸಿದ್ದೇನೆ, ಸಿಟ್ಟಾಗಬೇಡ. ಆಕೆಯ ರೊಟ್ಟಿ ಹಲಗೆಯ ಹಾಗೆ ದಪ್ಪ. ಗಿರಾಕಿಗಳು, "ಯಾಕ್ರಿ ಆಯಿ, ಕೈ ಕೆಟ್ಟಿತೇನು?" ಅನ್ನುತ್ತಾರೆ. ನಿನ್ನೆ ಆಕೆಗೆ ಬೈಯುತ್ತಿದ್ದೆ, ನಡುವಿನ ಬಾಗಿಲು ಅರ್ಧ ತೆರೆದಿತ್ತು. ಆಕೆ ಹಿಟ್ಟಿನ ಕೈಯಲ್ಲೇ ಕಣ್ಣು ಒರೆಸಿಕೊಂಡು, "ಮೊದಲು ಇಲ್ಲಿ ಯಾರು ಕೂಡ್ತಿದ್ರು ಆಯಿ?" ಎಂದಳು.

"ನೀಲಮ್ಮ," ಎಂದೆ. "ಕಿಣ್ಣಿ ಸುಲ್ತಾನದಾಕಿ. ನಾಕು ವರ್ಷ ಈ ಊರು ಉಂಡ ರೊಟ್ಟಿ ಎಲ್ಲಾ ಆಕಿ ಬಡಿದದ್ದು."

ನನ್ನ ದನಿ ಸಣ್ಣದಲ್ಲ. ಹೊರಗೆ ಕಟ್ಟೆಯ ಮೇಲೆ ಯಾರೋ ಗಿರಾಕಿ ಬಂದು ನಿಂತಿದ್ದ. "ಏನಂದ್ರಿ ಆಯಿ?" ಎಂದು ಕೂಗಿದ.

"ನಿನಗಲ್ಲಪ್ಪ," ಎಂದೆ. ಎದ್ದು ಬಂದು ಬಾಗಿಲು ಎಳೆದುಕೊಂಡೆ. "ಎಷ್ಟು ರೊಟ್ಟಿ ಬೇಕು ಹೇಳು."