ಅಪ್ಪನ ಟೋಪಿಗೊಂದು ಬಿಲ್ಲೆ

ರಾಥ್ಸೆ, ಬ್ಯೂಟ್ ದ್ವೀಪ, ಸ್ಕಾಟ್ಲೆಂಡ್
ಮೇ 12, ಭಾನುವಾರ

ನನ್ನ ಮುದ್ದು ಮಾರ್ವೆನ್,

ಅಬರ್ಡೀನಿನಲ್ಲಿ ನೀನೂ ನಿನ್ನ ಹುಡುಗ ಸ್ಟ್ರೂವನ್ ಕೂಡ ಮದುವೆಯ ಓಡಾಟದಲ್ಲಿದ್ದೀರೆಂದು ಗೊತ್ತು. ಆದರೂ ಕೂತು ಓದು. ಫೋನಿನಲ್ಲಾದರೆ ಅರ್ಧಕ್ಕೇ "ಆಯ್ತಮ್ಮಾ, ಗೊತ್ತಾಯ್ತು" ಅನ್ನುತ್ತೀಯ. ಅದಕ್ಕೇ ಕಾಗದ.

ಹೋದ ವಾರ ನೀನು ಫೋನ್ ಮಾಡಿದಾಗ ಅಪ್ಪ ಅಂಗಡಿಯ ಹಿಂದಿನ ಕೋಣೆಯಲ್ಲಿ ಐಸ್‌ಕ್ರೀಮಿಗೆ ಹಾಲು ಕಾಯಿಸುತ್ತಿದ್ದರು. ನಾನು ಎಂದಿನಂತೆ ಸ್ಪೀಕರ್ ಹಾಕಿದ್ದೆ. ಮದುವೆಗೆ ಎಲ್ಲರೂ ಟೋಪಿಗೆ ತಮ್ಮ ತಮ್ಮ ಕುಲದ ಲಾಂಛನದ ಬಿಲ್ಲೆ ಧರಿಸಿ ಬರಬೇಕೆಂದು ಸ್ಟ್ರೂವನ್ ಮನೆಯವರು ಹೇಳಿದ್ದಾರೆ ಅಂದೆಯಲ್ಲ, ಅದರ ಹಿಂದೆಯೇ ನೀನು ಹೇಳಿದ ಮಾತು: "ಅಪ್ಪ ಕಿಲ್ಟ್ ಉಟ್ಟು ಬಿಲ್ಲೆ ಹಾಕೋದು ಬೇಡಮ್ಮ, ಮಾಮೂಲಿ ಸೂಟ್ ಹಾಕ್ಲಿ. ಬೆರ್ತೋಲಿ ಅನ್ನೋ ಇಟಲಿ ಹೆಸರಿಗೆ ಯಾವ ಕುಲ ಅಂತ ಹೇಳೋದು? ಸುಮ್ನೆ ಮುಜುಗರ."

ಅಪ್ಪ ಕೇಳಿಸಿಕೊಂಡರು. ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿಯಿತು. ಅವರ ಕೈಯಲ್ಲಿ ಹಾಲು ಉಕ್ಕಿದ್ದನ್ನು ಇಷ್ಟು ವರ್ಷಗಳಲ್ಲಿ ನಾನು ನೋಡಿರಲಿಲ್ಲ.

ಗುರುವಾರ ಇದ್ದಕ್ಕಿದ್ದಂತೆ ಅಂಗಡಿ ಮುಚ್ಚಿ, ಒಳ್ಳೆಯ ಕೋಟು ಹಾಕಿಕೊಂಡು, "ಗ್ಲಾಸ್ಗೋಗೆ ಹೋಗಿ ಬರೋಣ, ನಡಿ" ಎಂದರು. ದೋಣಿಯಲ್ಲೂ ರೈಲಿನಲ್ಲೂ ಯಾಕೆಂದು ಹೇಳಲಿಲ್ಲ. ಬಿಲ್ಲೆ ಮಾರುವ ಅಂಗಡಿಯ ಮುಂದೆ ನಿಂತ ಮೇಲೆಯೇ ನನಗೆ ಅರ್ಥವಾದದ್ದು.

ಅಂಗಡಿಯಾಕೆ ಮಿಸೆಸ್ ರಾಂಕಿನ್ ಬಾಯಿಬಡುಕಿ. ಹೆಸರು ಕೇಳಿ, ಅದಕ್ಕೆ ಇಲ್ಲಿನ ಕುಲಗಳ ಮ್ಯಾಕ್ ಸೇರಿಸಿ, "ಅಯ್ಯೋ ಸ್ವಾಮಿ, ಮ್ಯಾಕ್‌ಬೆರ್ತೋಲಿ ಖಾಲಿಯಾಗ್ಬಿಟ್ಟಿದೆಯಲ್ಲಾ!" ಎಂದಳು. ಅಪ್ಪನೇನು ಬಿಡುತ್ತಾರೆಯೇ? "ಗೊತ್ತು ಬಿಡಿ, ಕೊನೇದನ್ನ ಪೋಪ್ ತಗೊಂಡ್ರಂತೆ" ಎಂದರು. ಆಕೆ ನಕ್ಕು ಕುರ್ಚಿ ಎಳೆದು ಕೂರಿಸಿದಳು.

ಮೊದಲು ನನ್ನ ತವರು ಯಾವುದೆಂದು ಕೇಳಿ, ನಮ್ಮ ಲಾಮಂಟ್ ಕುಲದ ಬಿಲ್ಲೆ ತೆಗೆದಳು. ಸುತ್ತ ಬಕ್ಕಲ್ ಹಾಕಿದ ಬೆಲ್ಟು, ನಡುವೆ ಬಿಚ್ಚಿದ ಅಂಗೈ. "ಈ ಬೆಲ್ಟ್ ಇದ್ರೆ ಕುಲದ ಯಜಮಾನರನ್ನ ಒಪ್ಕೊಂಡೋರು ಅಂತ ಅರ್ಥ. ಬೆಲ್ಟಿಲ್ಲದೆ, ಮೇಲೆ ಗರಿ ಇಟ್ಕೊಳ್ಳೋದೆಲ್ಲ ಯಜಮಾನರಿಗೇ ಸೈ. ನೀವು ಹೆಂಡ್ತಿ ಕಡೆಯೋರನ್ನ ಒಂದ್ಮಾತು ಕೇಳಿ. ಹಿಂದೆ ರಕ್ತ ಯಾರು ನೋಡ್ತಿದ್ರು? ಜತೆಗೆ ನಿಂತೋರೆಲ್ಲ ಕುಲದೋರೇ" ಎಂದಳು.

ಕುಲದ ಸಂಘ ನೋಡಿಕೊಳ್ಳುವ ನಮ್ಮ ಡೂಗಲ್ ಅಣ್ಣನಿಗೆ ಅಲ್ಲಿಂದಲೇ ಫೋನ್ ಮಾಡಿದೆ. "ನಿನ್ ಗಂಡ ಆಲ್ಡೊ ನಮ್ಮೋನಲ್ದೆ ಇನ್ಯಾರೋನೇ? ಹಾಕ್ಕೊಳ್ಳಕ್ಕೆ ಹೇಳು, ಕೇಳೋದೇನಿದೆ!" ಎಂದು ಬೈದ.

ಅಷ್ಟಾದರೂ ಅಪ್ಪ ಅದನ್ನು ಅಂಗೈಯಲ್ಲಿಟ್ಟು ನೋಡಿ, ಮೆಲ್ಲಗೆ ಮೇಜಿನ ಮೇಲಿಟ್ಟರು. "ಚೆನ್ನಾಗಿದೆ ಇಷ್‌ಬೆಲ್. ಆದ್ರೆ ಇದು ನಿಮ್ಮಜ್ಜನ ಹೆಸರು. ಇದನ್ನ ಹಾಕ್ಕೊಂಡ್ರೆ ನಮ್ಮಜ್ಜನ್ನ ಮುಚ್ಚಿಟ್ಟ ಹಾಗಾಗುತ್ತೆ" ಎಂದರು. ಆಮೇಲೆ ಆಕೆಯತ್ತ ತಿರುಗಿ, "ಹೆಸರಿನ ಗೊಡವೆ ಇಲ್ಲದ್ದು, ಈ ನೆಲದ್ದು ಅನ್ನೋಂಥದ್ದು ಯಾವ್ದಾದ್ರೂ ಇದೆಯಾ?" ಎಂದು ಕೇಳಿದರು.

ಆಕೆ ಥಿಸಲ್ ಹೂವಿನ ಬಿಲ್ಲೆ ತಂದಿಟ್ಟಳು. ಬರೀ ಮುಳ್ಳುಹೂ, ಎರಡು ಎಲೆ. "ಸ್ಕಾಟ್ಲೆಂಡಿನ ನಾಡಹೂ, ಇದಕ್ಕೆ ಯಾರ ಅಪ್ಪಣೇನೂ ಬೇಡ. ಎಲ್ರದ್ದೂ."

ಅಪ್ಪ ಅದನ್ನು ಮುಟ್ಟಲೇ ಇಲ್ಲ. ಕಣ್ಣು ತುಂಬಿಕೊಂಡವು. ನಾನೇ ದುಡ್ಡು ಕೊಟ್ಟು ತೆಗೆದುಕೊಂಡೆ.

ಮರಳುವಾಗ ದೋಣಿಯ ಮೇಲಟ್ಟದಲ್ಲಿ, ಅಷ್ಟು ಗಾಳಿಯಲ್ಲಿ, ನನಗೂ ಹೇಳಿರದ ಸಂಗತಿಯನ್ನು ಹೇಳಿದರು. ಎರಡನೇ ಮಹಾಯುದ್ಧದ ಕಾಲದಲ್ಲಿ ಇಟಲಿ ವೈರಿ ಪಕ್ಷ ಸೇರಿದ ಸಂಜೆ ಜನ ಬಂದು ನಮ್ಮ ಅಂಗಡಿಯ ಗಾಜು ಒಡೆದರಂತೆ. ದಿನಾ ಐಸ್‌ಕ್ರೀಮ್ ತಿನ್ನಲು ಬರುತ್ತಿದ್ದವರೇ. ಮುತ್ತಾತ ಒಟಾವಿಯೊನನ್ನು ವೈರಿ ದೇಶದವನೆಂದು ಪೊಲೀಸರು ಕರೆದೊಯ್ದರು. ನಿನ್ನ ತಾತ ರೆಂಜೊ ಆಗ ಒಂಬತ್ತು ವರ್ಷದವನು. ಬೆಳಿಗ್ಗೆ ಅವನು ಶಾಲೆಗೆ ಹೊರಟಾಗ, ಪಕ್ಕದ ಮನೆಯ ಮೀನು ಮಾರುವ ಎಫೀ ತನ್ನ ಶಾಲಿನಲ್ಲಿದ್ದ ಥಿಸಲ್ ಪಿನ್ನು ಬಿಚ್ಚಿ ಅವನ ಸ್ವೆಟರಿಗೆ ಚುಚ್ಚಿ, "ಯಾರಾದ್ರೂ ಕೇಳಿದ್ರೆ ಎಫೀ ಮನೆ ಹುಡುಗ ಅನ್ನು" ಎಂದಳಂತೆ. ಶಾಲೆಯ ಹುಡುಗರು ಅದನ್ನು ಸ್ವೆಟರಿನ ಸಮೇತ ಹರಿದು, "ನಮ್ಮ ಹೂ ಕದ್ದಿದಾನೆ ಇಟಲಿ ಕಳ್ಳ" ಎಂದು ಸಮುದ್ರಕ್ಕೆ ಎಸೆದರು. ಮರುದಿನ ಎಫೀ ತಾನೇ ಅವನ ಕೈಹಿಡಿದು ಕರೆದೊಯ್ದು, ಶಾಲೆ ಬಿಡುವ ತನಕ ಗೇಟಿನ ಬಳಿ ಉಣ್ಣೆ ಹೆಣೆಯುತ್ತ ಕೂತಿದ್ದಳಂತೆ. ಆದರೂ ತಾತ ಮತ್ತೆ ಅಂಥದ್ದೇನನ್ನೂ ಮೈಮೇಲೆ ಹಾಕಲಿಲ್ಲ. ಅಪ್ಪ ಚಿಕ್ಕವರಿದ್ದಾಗ ಶಾಲೆಯ ಮೆರವಣಿಗೆಗೆ ಥಿಸಲ್ ಬೇಕೆಂದು ಹಟ ಮಾಡಿದರೆ, "ಹಾಕ್ಕೊಂಡ್ರೆ ತಾನೇ ಕಿತ್ಕೊಳ್ಳೋದು?" ಅಂದುಬಿಟ್ಟರಂತೆ ತಾತ.

ಊರಿನ ದೀಪಗಳು ಕಾಣತೊಡಗಿದಾಗ, "ನಾನು ಹಾಕ್ಕೊಳ್ಳೋಕೆ ಮುಂಚೇನೇ ನನ್ನ ಮಗಳು ಕಿತ್ಕೊಂಡ್ಲಲ್ಲೇ, ಇಷ್‌ಬೆಲ್" ಎಂದರು. ಸಿಟ್ಟಿರಲಿಲ್ಲ ಆ ದನಿಯಲ್ಲಿ. ಇದ್ದಿದ್ದರೆ ನಾನು ಈ ಕಾಗದ ಬರೆಯುತ್ತಿರಲಿಲ್ಲ.

ಬಿಲ್ಲೆ ಈಗ ಗಡಿಯಾರದ ಪಕ್ಕದಲ್ಲಿದೆ. ಪೊಟ್ಟಣವನ್ನೂ ಬಿಚ್ಚಿಲ್ಲ. ಸೂಟನ್ನು ಇಸ್ತ್ರಿಗೆ ಕೊಟ್ಟು ಬಂದಿದ್ದಾರೆ. "ಅವಳ ದಿನ ಅದು, ಅವಳಿಷ್ಟದ ಹಾಗೇ ಆಗ್ಲಿ" ಅನ್ನುತ್ತಾರೆ. ನಾನು ನಿನಗೆ ಆಜ್ಞೆ ಮಾಡುವುದಿಲ್ಲ, ಮಗಳೇ. ಆದರೆ ಚರ್ಚಿನೊಳಗೆ ನಿನ್ನ ತೋಳು ಹಿಡಿದು ನಡೆಸುವವರು ಅವರು. ಏನು ಧರಿಸಬೇಕೆಂದು ಹೇಳುವುದಿದ್ದರೆ ನನ್ನ ಮೂಲಕ ಬೇಡ. ಅಂಗಡಿಗೇ ಫೋನ್ ಮಾಡಿ ಅವರ ಹತ್ತಿರವೇ ಮಾತಾಡು. ಅವರು "ಸೂಟೇ ಸಾಕು ಕಣೇ" ಅಂದಾರು. ಅದನ್ನು ನಂಬಿ ಫೋನ್ ಇಡಬೇಡ.

ನಿನ್ನ ಪ್ರೀತಿಯ ಅಮ್ಮ,
ಇಷ್‌ಬೆಲ್ ಬೆರ್ತೋಲಿ

ಮತ್ತೆ: ನಿನ್ನೆ ಸ್ಟ್ರೂವನ್‌ನ ತಾಯಿ ಅಡುಗೆಯ ವಿಚಾರ ಕೇಳಲು ಫೋನ್ ಮಾಡಿದ್ದರು. ಬಿಲ್ಲೆಯ ಮಾತೆತ್ತಿದೆ. ಅವರ ಮನೆಯಲ್ಲಿ ಅಂಥ ನಿಯಮವನ್ನು ಯಾರೂ ಮಾಡಿಲ್ಲವಂತೆ, "ಯಾರು ಹೇಳಿದ್ದು?" ಎಂದು ಅವರೇ ಆಶ್ಚರ್ಯಪಟ್ಟರು. ನಿನ್ನ ಹೆಸರು ಹೇಳದೆ, ನನಗೇ ತಪ್ಪಾಗಿ ಕೇಳಿಸಿರಬೇಕು ಅಂದೆ. ಅಪ್ಪನಿಗೆ ಇದನ್ನು ಹೇಳಿಲ್ಲ. ಹೇಳುವುದೂ ಇಲ್ಲ.