ಮೆಷಿನ್ ಮೇಲೆ ಇನ್ನು ಚಾದರ ಬೇಡ

ಅತ್ತೆ,

ಗಿರಾಕಿಯ ಮನೆಗೆ ಅಳತೆ ತಗೊಳ್ಳೋಕೆ ಹೋಗಿದ್ದೇನೆ. ನೀವು ಒಳ್ಳೆ ನಿದ್ದೆಯಲ್ಲಿದ್ದಿರಿ, ಎಬ್ಬಿಸಲು ಮನಸ್ಸಾಗಲಿಲ್ಲ.

ನಿನ್ನೆ ಬಂದ ವಕೀಲಮ್ಮ ಹೇಳಿದ್ದನ್ನು ಗಾಬರಿಯಲ್ಲಿ ನೀವು ಕೇಳಿಸಿಕೊಳ್ಳಲೇ ಇಲ್ಲ. ಹೊಸ ಕಾನೂನು ಜಾರಿಗೆ ಬಂದಿದೆ. ಬಾಡಿಗೆ ಮನೆಯಲ್ಲಿ ಕೂತು ಬಟ್ಟೆ ಹೊಲಿದರೆ ಅದು ಅಂಗಡಿ ಅಲ್ಲವಂತೆ. ಆ ನೆಪದಲ್ಲಿ ಓನರ್ ನಮ್ಮನ್ನು ಮನೆ ಬಿಡಿಸುವಂತಿಲ್ಲ. ಮೊದಲೇ ತಿಳಿಸದೆ ಒಳಗೆ ನುಗ್ಗುವಂತೆಯೂ ಇಲ್ಲ. ಅಬ್ಬಾ, ಉಸಿರು ಬಂದ ಹಾಗಾಯಿತು!

ಹಾಗಾಗಿ ಯಾರಾದರೂ ಬಾಗಿಲು ತಟ್ಟಿದರೆ ಓಡಿಹೋಗಿ ಹೊಲಿಗೆ ಮೆಷಿನ್ ಮೇಲೆ ಚಾದರ ಎಸೆಯಬೇಡಿ, ನಿಮಗೆ ಪುಣ್ಯ ಬರುತ್ತದೆ. ಸಿಹಿ ಸುದ್ದಿ ಹೇಳಲು ಬಂದ ವಕೀಲಮ್ಮನ ಮುಂದೆಯೂ ಅಡ್ಡ ನಿಂತು, "ಅದು ಹಳೇ ಟಿವಿ ಕಣಮ್ಮ, ಕೆಟ್ಟೋಗಿದೆ" ಅಂದಿರಲ್ಲ! ಪಾಪ, ಅವರು ನಗು ತಡೆದುಕೊಂಡು, "ಟಿವಿ ಕೆಳಗೆ ದಾರ ನೇತಾಡ್ತಿದೆಯಲ್ಲಮ್ಮ" ಅಂದರು.

ಚಾದರ ಒಗೆದು ಹಾಕಿದ್ದೇನೆ, ಹುಡುಕಬೇಡಿ. ಮೆಷಿನ್ ಕಿಟಕಿ ಹತ್ತಿರ ಎಳೆದಿಟ್ಟಿದ್ದೇನೆ. ಕಿಟಕಿ ಮುಚ್ಚಿಕೊಂಡು ಮಬ್ಬಿನಲ್ಲಿ ಗುಂಡಿ ಹಚ್ಚಿ ಹಚ್ಚಿ ನಿಮ್ಮ ಕಣ್ಣು ಸೋತಿದೆ. ಇವತ್ತು ಕಿಟಕಿ ಪೂರ್ತಿ ತೆಗೆದು, ಇಡೀ ಬೀದಿಗೆ ಕಾಣುವ ಹಾಗೆ ಕೂತು ಹಚ್ಚಿ.