ಹನ್ನೆರಡು ವರ್ಷ ಹಳೆಯ ಶನಿವಾರ

ಹಾಪಲಹ್ತಿ
ಮೇ 27, ಸೋಮವಾರ (ಅಂಗಡಿಗೆ ರಜ)

ಪ್ರೀತಿಯ ಮಾರಿತ್ ಅಕ್ಕಾ,

ಮೊಣಕಾಲು ಹೇಗಿದೆ? ಡಾಕ್ಟರು ಕೊಟ್ಟ ಪಟ್ಟಿಯನ್ನು ಕಾಲಿಗೆ ಕಟ್ಟುತ್ತಿದ್ದೀಯೋ, ಇಲ್ಲ ಕಪಾಟಿನಲ್ಲಿಟ್ಟು ಕಾಪಾಡುತ್ತಿದ್ದೀಯೋ? ನಿನ್ನ ಜಾಯಮಾನ ನನಗೆ ಗೊತ್ತಿಲ್ಲವೇ. ನಾನು ಚೆನ್ನಾಗಿದ್ದೇನೆ. ಕತ್ತರಿ ಹಿಡಿಯುವ ಬೆರಳು ಬೆಳಿಗ್ಗೆ ಸ್ವಲ್ಪ ಸೆಟೆದುಕೊಳ್ಳುತ್ತದೆ, ಎರಡು ಗಿರಾಕಿಗಳ ಕೂದಲು ಕತ್ತರಿಸುವಷ್ಟರಲ್ಲಿ ಸರಿಹೋಗುತ್ತದೆ. ನನ್ನ ಗಂಡ ಮಹಾಶಯ ಪೆಂತಿ ಸೌನಾ ಹಬೆಮನೆಯ ಒಲೆ ಬದಲಾಯಿಸುತ್ತೇನೆಂದು ಹಳೆಯದನ್ನು ಕಿತ್ತು ಅಂಗಳದಲ್ಲಿ ಇಟ್ಟಿದ್ದಾನೆ, ಹೊಸದು ಇನ್ನೂ ಬಂದಿಲ್ಲ. ಹಾಗಾಗಿ ನಾವು ಪಕ್ಕದ ಮನೆಯವರ ಸೌನಾಕ್ಕೆ ಟವೆಲ್ ಹೊತ್ತುಕೊಂಡು ಹೋಗುವ ಗತಿ ಬಂದಿದೆ. ಕಾಗದ ಯಾಕೆ ಬರೆಯುತ್ತಿದ್ದಾಳೆ ಇವಳು, ಫೋನ್ ಇಲ್ಲವೇ ಎಂದು ನೀನು ಕೇಳುತ್ತೀಯ. ಫೋನಿನಲ್ಲಿ ಊರಿನ ಮಾತೆತ್ತಿದ ಕೂಡಲೇ ನೀನು ‘ಒಲೆ ಮೇಲೆ ಏನೋ ಇಟ್ಟಿದೀನಿ ಕಣೇ’ ಎಂದು ಇಟ್ಟುಬಿಡುತ್ತೀಯ. ಐದು ವರ್ಷದಿಂದ ಆ ವಾಸಾ ನಗರದಲ್ಲಿ ನಿನ್ನ ಒಲೆಯ ಮೇಲೆ ಅದೇನು ಬೇಯುತ್ತಿದೆಯೋ ದೇವರಿಗೇ ಗೊತ್ತು. ಇದನ್ನಾದರೂ ಕೊನೆಯವರೆಗೆ ಓದು.

ಊರ ಸಂಘದ ವೆಬ್‌ಸೈಟ್ ನಿನಗೆ ನೆನಪಿದೆಯಲ್ಲ, ನೀನೇ ಅಧ್ಯಕ್ಷೆಯಾಗಿದ್ದಾಗ ಶುರು ಮಾಡಿದ್ದು. ಅದನ್ನು ನಡೆಸುವ ತಂತ್ರಾಂಶ ಮುದಿಯಾಯಿತಂತೆ. ಅದನ್ನು ಮಾಡಿದವರು ಇನ್ನು ರಿಪೇರಿ ಮಾಡುವುದಿಲ್ಲ, ಬೇಸಿಗೆ ಮುಗಿಯುವುದರೊಳಗೆ ಇದ್ದುದನ್ನೆಲ್ಲ ಹೊಸದಕ್ಕೆ ಸಾಗಿಸಿಕೊಳ್ಳಿ ಎಂದು ಬರೆದರು. ಸಂಘದ ಸಭೆಯಲ್ಲಿ ಎಲ್ಲರೂ ತಮ್ಮ ತಮ್ಮ ಕಾಫಿ ಲೋಟದೊಳಗೆ ಇಣುಕುತ್ತಾ ಕೂತರು. ಬಾಯಿ ಸುಮ್ಮನಿರಲಾರದೆ ‘ಅದೇನು ಮಹಾ’ ಎಂದೆ. ಕೆಲಸ ನನ್ನ ಕೊರಳಿಗೆ ಬಿತ್ತು. ತಂಪೆರೆಯಿಂದ ಒಬ್ಬ ಹುಡುಗಿ ಬಂದು ಅರ್ಧ ದಿನ ಕಲಿಸಿಕೊಟ್ಟು ಹೋದಳು. ಅಂದಿನಿಂದ ಗಿರಾಕಿಗಳ ತಲೆಗೆ ಬಣ್ಣ ಹಚ್ಚಿ ಅದು ಹಿಡಿಯುವಷ್ಟು ಹೊತ್ತು ಕಂಪ್ಯೂಟರ್ ಮುಂದೆ ಕೂತು, ಒಂದೊಂದೇ ಪುಟವನ್ನು ಹಳೆಯದರಿಂದ ಎತ್ತಿ ಹೊಸದರಲ್ಲಿ ಇಡುತ್ತಿದ್ದೇನೆ. ಮನೆ ಬದಲಾಯಿಸಿದ ಹಾಗೆಯೇ ಅಕ್ಕಾ. ಅಟ್ಟದ ಮೇಲೆ ಏನೇನಿದೆ ಎಂದು ಇಳಿಸಿದಾಗಲೇ ಗೊತ್ತಾಗುವುದು. ಎಂದೋ ಕಳೆದುಹೋದ ಬೆಕ್ಕಿನ ಪ್ರಕಟಣೆ, ಬಿತ್ತನೆ ಆಲೂಗಡ್ಡೆ ಯಾರಿಗೆ ಬೇಕು ಎಂಬ ವಿಚಾರಣೆ, ಮಧ್ಯಬೇಸಿಗೆ ಹಬ್ಬದ ಬೆಂಕಿಗುಡ್ಡೆ ಹೊತ್ತಿಕೊಳ್ಳದೆ ಎಲ್ಲರೂ ಅದನ್ನು ಊದುತ್ತಿರುವ ಫೋಟೋ. ಫೋಟೋಗಳೆಲ್ಲ ಹೊಸ ಮನೆಯಲ್ಲಿ ಅಡ್ಡಡ್ಡ ಮಲಗಿಬಿಟ್ಟವು, ಒಂದೊಂದನ್ನೂ ಹಿಡಿದು ನಿಲ್ಲಿಸಬೇಕಾಯಿತು. ಬೇಕಾದ್ದನ್ನು ಮಾತ್ರ ತನ್ನಿ, ಬೇಡದ್ದನ್ನು ಬಿಡಿ ಎಂದು ಆ ಹುಡುಗಿ ಹೇಳಿದ್ದಳು. ಬೆಕ್ಕು ಸತ್ತು ಎಷ್ಟೋ ಕಾಲವಾಯಿತು, ಆದರೂ ಬಿಡಲು ಮನಸ್ಸು ಬರಲಿಲ್ಲ, ಅದನ್ನೂ ತಂದುಬಿಟ್ಟೆ.

ಶಾಲೆಯ ಪುಟಕ್ಕೆ ಬಂದಾಗ ಕೈ ನಿಂತಿತು. ಶಾಲೆಯೇ ಇಲ್ಲದ ಮೇಲೆ ಪುಟ ಯಾಕೆ ಎಂದು ಸಂಘದವರು ಹೇಳಿದ್ದರು. ಬೇಸರ ಮಾಡಿಕೊಳ್ಳಬೇಡ, ಇದನ್ನು ಒಮ್ಮೆ ಬಾಯಿಬಿಟ್ಟು ಹೇಳಿಬಿಡುತ್ತೇನೆ. ಐದು ವರ್ಷದ ಹಿಂದೆ ಶಾಲೆ ಮುಚ್ಚುವ ಮಾತು ಬಂದಾಗ ಪುರಸಭೆಯ ಎದುರು ನೀನು ಹೇಳಿದ್ದು ಸತ್ಯ. ಒಂಬತ್ತು ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂರಿಸಿ ಪಾಠ ಹೇಳುವುದು ಮಕ್ಕಳಿಗೇ ಅನ್ಯಾಯ, ಪಟ್ಟಣದ ಶಾಲೆಗೆ ಹೋಗಲಿ ಎಂದೆ ನೀನು. ನೀನು ಆ ಶಾಲೆಯ ಟೀಚರು, ನಿನ್ನ ಕೆಲಸಕ್ಕೇ ಕೊಡಲಿ ಹಾಕಿಕೊಂಡು ಹೇಳಿದೆ. ಊರಿಗೆ ಅದು ಕಾಣಿಸಲಿಲ್ಲ. ಶಾಲೆ ಮುಚ್ಚಿತು, ನಿನ್ನನ್ನು ಊರು ಮಾರಿದವಳು ಎಂದರು. ಓಯ್ವಾ, ಅದೇ ನಿನ್ನ ಜೊತೆ ಇಪ್ಪತ್ತು ವರ್ಷ ಸಂಘ ನಡೆಸಿದ ಓಯ್ವಾ, ಎಲ್ಲರ ಎದುರು ಎದ್ದು ನಿಂತು, ‘ಇನ್ಮೇಲೆ ನೀನು ಕರೆದ್ರೆ ಈ ಊರಲ್ಲಿ ಒಬ್ಬನೂ ಬರಲ್ಲ, ಮಾರಿತ್’ ಎಂದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆ ಶರತ್ಕಾಲದಲ್ಲೇ ನೀನು ವಾಸಾ ಸೇರಿದೆ, ಊರಿನ ಸಂದೇಶಗಳ ಪಟ್ಟಿಯಿಂದ ನಿನ್ನ ಹೆಸರನ್ನೂ ತೆಗೆಸಿಕೊಂಡೆ. ಈಗ ನಾನು ಶಾಲೆಯ ಪುಟವನ್ನೂ ಹೊಸದಕ್ಕೆ ತಂದೆ, ಯಾರನ್ನೂ ಕೇಳಲಿಲ್ಲ. ಹಿಂದಿನ ಸಾಲಿನಲ್ಲಿ ನೀನು ಕಣ್ಣು ಮುಚ್ಚಿಕೊಂಡಿರುವ ಫೋಟೋ ಸಮೇತ.

ಈಗ ಬಂತು ನೋಡು ನನ್ನ ಘನಕಾರ್ಯ. ಹೊಸದರಲ್ಲಿ ಯಾವ ಪ್ರಕಟಣೆಯನ್ನು ಇಟ್ಟರೂ ಕೆಳಗೆ ಒಂದು ಪುಟ್ಟ ಚೌಕವಿರುತ್ತದೆ, ಅದರಲ್ಲಿ ಸರಿ ಗುರುತು. ಹಳೆಯದನ್ನು ತರುವಾಗ ಆ ಗುರುತು ತೆಗೆಯಬೇಕು. ಇಲ್ಲದಿದ್ದರೆ ಅದಕ್ಕೆ ಇವತ್ತಿನ ತಾರೀಖು ಬಿದ್ದು, ಹೊಸ ಸುದ್ದಿಯೆಂದು ಊರಿನ ಎಲ್ಲರ ಫೋನಿಗೂ ಹೋಗುತ್ತದೆ. ಪ್ರತಿ ಸಲವೂ ತೆಗೆಯುತ್ತಿದ್ದೆ. ಹೋದ ಬುಧವಾರ ಮಧ್ಯಾಹ್ನ ಒಬ್ಬಾಕೆಯ ಬಣ್ಣ ತೊಳೆಯುವ ಹೊತ್ತು ಮೀರಿತ್ತು, ಅವಳ ಕೂದಲು ಕ್ಯಾರೆಟ್ಟಾಗುತ್ತದೆಂಬ ಗಾಬರಿಯಲ್ಲಿ ಗುರುತು ತೆಗೆಯದೆಯೇ ಗುಂಡಿ ಒತ್ತಿ ಓಡಿದೆ. ಮರುದಿನ ಹಿಲ್ಕ ಅಂಗಡಿಗೆ ಬಂದಳು, ನಮ್ಮ ಅಂಚೆಗಾಡಿಯ ಹಿಲ್ಕ. ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಾ, ‘ನಿಮ್ಮಕ್ಕ ಯಾವಾಗ ಬಂದ್ಲು? ಒಂದು ಮಾತು ಹೇಳ್ಬಾರ್ದಾ?’ ಎಂದಳು. ಅವಳು ಫೋನ್ ತೆಗೆದು ತೋರಿಸಿದಳು. ‘ಶನಿವಾರ ಹತ್ತು ಗಂಟೆಗೆ ಸರೋವರದ ದಂಡೆಗೆ ಬನ್ನಿ. ಈಜುವವರು ನೀರಿಗಿಳಿಯುವ ಮರದ ಕಟ್ಟೆ ತಾನಾಗಿ ಎದ್ದು ನಿಲ್ಲುವುದಿಲ್ಲ. ಸುತ್ತಿಗೆ, ಕೈಗವಸು ನಿಮ್ಮದು. ಕಾಫಿ, ಬನ್ನು ನಮ್ಮದು. ಮಾರಿತ್.’ ಹನ್ನೆರಡು ವರ್ಷದ ಹಿಂದೆ ನೀನು ಬರೆದಿದ್ದು. ಯಾರಿಗಾದರೂ ಅನುಮಾನ ಬರಬೇಕಿತ್ತಲ್ಲ ಎನ್ನುತ್ತೀಯ. ಈ ವಸಂತದಲ್ಲಿ ಮಂಜುಗಡ್ಡೆ ಕರಗುವಾಗ ಅದೇ ಕಟ್ಟೆಯ ಕಾಲು ಮುರಿದಿದೆ ಅಕ್ಕಾ, ಅರ್ಧ ಕಟ್ಟೆ ನೀರಲ್ಲಿ ಮೂಗು ಮುಳುಗಿಸಿ ಕೂತಿದೆ. ಸರಿಮಾಡಿಸೋಣ ಎಂದು ಏಪ್ರಿಲ್‌ನಿಂದ ಎಲ್ಲರೂ ಹೇಳುತ್ತಿದ್ದರು, ಕರೆಯುವವರು ಯಾರೂ ಇರಲಿಲ್ಲ.

ನಾನು ಹಿಲ್ಕಳಿಗೆ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ, ಅವಳ ಮುಂಗೂದಲನ್ನು ಒಂದು ಬೆರಳು ಹೆಚ್ಚೇ ಕತ್ತರಿಸಿಬಿಟ್ಟೆ. ಅವಳು ಹೋದ ಮೇಲೆ ತಪ್ಪಾಯಿತು, ಅದು ಹಳೆಯ ಪ್ರಕಟಣೆ ಎಂದು ತಿದ್ದುಪಡಿ ಬರೆದೆ. ಬರೆದು ಹಾಗೇ ನೋಡುತ್ತಾ ಕೂತೆ. ಕಳಿಸಿದರೆ ಊರೆಲ್ಲ ನಕ್ಕು ಸುಮ್ಮನಾಗುತ್ತದೆ. ಕಳಿಸದೆ ಹೋಗಿ, ಶನಿವಾರ ಒಬ್ಬರೂ ಬರದಿದ್ದರೆ? ನಿನ್ನ ಹೆಸರಿನಲ್ಲಿ ಕರೆದು, ಊರು ಬೆನ್ನು ತಿರುಗಿಸಿ, ಓಯ್ವಾ ಆಡಿದ ಮಾತು ಕಣ್ಣೆದುರೇ ನಿಜವಾಗಿಬಿಟ್ಟರೆ? ಪೆಂತಿ, ‘ಕಳಿಸಿಬಿಡು ಮಾರಾಯ್ತಿ, ಇಲ್ಲದ ಉಸಾಬರಿ ಯಾಕೆ’ ಎಂದ. ಅವನು ಹೇಳಿದ್ದು ಬುದ್ಧಿವಂತರ ಮಾತು. ಆದರೆ ಅಕ್ಕಾ, ನನಗೆ ಗೊತ್ತಾಗಬೇಕಿತ್ತು. ಐದು ವರ್ಷದಿಂದ ಇವರ ತಲೆಗಳನ್ನು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದೇನೆ, ನಿನ್ನ ವಿಷಯವಾಗಿ ಅವುಗಳೊಳಗೆ ಏನಿದೆ ಎಂದು ಒಬ್ಬರನ್ನೂ ಕೇಳುವ ಧೈರ್ಯ ಬಂದಿಲ್ಲ. ತಿದ್ದುಪಡಿಯನ್ನು ಅಳಿಸಿ, ಏಲಕ್ಕಿ ಬನ್ನಿಗೆ ಹಿಟ್ಟು ಕಲೆಸಿದೆ.

ಶನಿವಾರ ದಂಡೆಗೆ ಹೋದಾಗ ಬಿಸಿಲಿತ್ತು, ಗಾಳಿ ಮಾತ್ರ ಮೂಳೆ ಕೊರೆಯುವಂಥದ್ದು. ಹತ್ತಾಯಿತು. ಯಾರೂ ಇಲ್ಲ. ಬಾತುಕೋಳಿಗಳು ಬನ್ನಿನ ಬುಟ್ಟಿಯ ಮೇಲೆ ಕಣ್ಣಿಟ್ಟು ಹತ್ತಿರ ಬಂದವು. ನಮ್ಮ ಊರಿನವರು ಹತ್ತು ಎಂದರೆ ಹತ್ತಕ್ಕೆ ಮುಂಚೆಯೇ ಬಂದು ಕಾರಿನೊಳಗೆ ಕಾಯುವ ಜನ, ನಿನಗೆ ಗೊತ್ತು. ಎಂಥ ಪೆದ್ದಿ ನಾನು, ಸುಮ್ಮನಿದ್ದ ಗಾಯವನ್ನು ಕೆದಕಿದೆನಲ್ಲ ಎಂದು ಬುಟ್ಟಿ ಎತ್ತಿಕೊಂಡೆ. ಆಗ ತಿರುವಿನಲ್ಲಿ ಟ್ರ್ಯಾಕ್ಟರ್ ಸದ್ದಾಯಿತು. ಅದು ಆಮೆಯ ಹಾಗೆ ತೆವಳುತ್ತಿತ್ತು, ಹಿಂದೆ ಉದ್ದುದ್ದ ಹಲಗೆಗಳ ಹೊರೆ. ಅದರ ಹಿಂದೆ ಆ ಕಿರುದಾರಿಯಲ್ಲಿ ದಾಟಿಕೊಂಡು ಬರಲಾಗದೆ ಊರಿನ ಕಾರುಗಳೆಲ್ಲ ಸಾಲುಗಟ್ಟಿದ್ದವು. ಟ್ರ್ಯಾಕ್ಟರ್ ಓಡಿಸುತ್ತಿದ್ದವನು ಓಯ್ವಾ.

ಅವನು ಇಳಿದು ಟೋಪಿ ಸರಿಮಾಡಿಕೊಂಡು ಸುತ್ತ ನೋಡಿದ. ‘ಮಾರಿತ್ ಎಲ್ಲಿ?’ ಎಂದ. ಎಲ್ಲರೂ ಇಳಿದು ನಿಂತಿದ್ದರು, ಕೈಯಲ್ಲಿ ಸುತ್ತಿಗೆ, ಗರಗಸ. ಸುಳ್ಳು ಹೇಳಲಾಗಲಿಲ್ಲ. ಅಕ್ಕ ವಾಸಾದಲ್ಲೇ ಇದ್ದಾಳೆ, ಅವಳಿಗೆ ಇದೊಂದೂ ಗೊತ್ತಿಲ್ಲ, ಕರೆ ಹನ್ನೆರಡು ವರ್ಷ ಹಳೆಯದು, ವೆಬ್‌ಸೈಟ್ ಸಾಗಿಸುವಾಗ ನಾನು ಮಾಡಿದ ಎಡವಟ್ಟು ಎಂದು ಒಂದೇ ಉಸಿರಿನಲ್ಲಿ ಹೇಳಿದೆ. ಎರಡು ಮನೆಯವರು ಮುಖ ಗಂಟಿಕ್ಕಿಕೊಂಡು ಕಾರು ತಿರುಗಿಸಿ ಹೋದರು, ಅದನ್ನೂ ಬರೆಯುತ್ತೇನೆ, ಮುಚ್ಚಿಡುವುದಿಲ್ಲ. ಉಳಿದವರು ಓಯ್ವಾನ ಮುಖ ನೋಡಿದರು. ಅವನು ಹೊರೆಯಿಂದ ಒಂದು ಹಲಗೆಯನ್ನು ಅರ್ಧ ಎಳೆದ. ಆಮೇಲೆ, ‘ಕರೆ ಹಳೇದಾದ್ರೆ ಏನು, ಕಟ್ಟೆ ಮುರಿದಿರೋದು ಹೊಸದು ತಾನೆ. ಆ ತುದಿ ಹಿಡೀರಿ’ ಎಂದ. ಅಷ್ಟೇ ಅಕ್ಕಾ. ಹಿಲ್ಕ ತುದಿ ಹಿಡಿದಳು. ಮಧ್ಯಾಹ್ನದವರೆಗೂ ದಂಡೆಯಲ್ಲಿ ಸುತ್ತಿಗೆಯ ಸದ್ದೇ ಸದ್ದು. ಓಯ್ವಾ ಎದೆಮಟ್ಟ ನೀರಿನಲ್ಲಿ ನಿಂತು ಕಂಬ ಹಿಡಿದಿದ್ದ, ತುಟಿ ನೀಲಿಗಟ್ಟಿತ್ತು, ಮೇಲೆ ಬಾ ಎಂದರೂ ಬರಲಿಲ್ಲ, ಜಗಮೊಂಡ.

ಬನ್ನು ತಿನ್ನುವಾಗ ಓಯ್ವಾ ನನ್ನ ಪಕ್ಕ ಬಂದು ಕೂತ. ಒದ್ದೆ ಕಾಲುಚೀಲ ಹಿಂಡುತ್ತಾ, ಮಾರಿತ್ ಕರೆದಿದ್ದಾಳೆ ಎಂದು ಓದಿದ ಕೂಡಲೇ ಹಲಗೆ ತರಲು ಹೋದೆ ಎಂದು ಹೇಳಿದ. ಅವನ ಮೊಮ್ಮಗಳು ಪಟ್ಟಣದ ಶಾಲೆಯಲ್ಲಿ ವಯೊಲಿನ್ ಕಲಿಯುತ್ತಿದ್ದಾಳಂತೆ, ಅವಳ ವಯಸ್ಸಿನವರೇ ಏಳೆಂಟು ಗೆಳತಿಯರಂತೆ. ಅದನ್ನು ಯಾಕೆ ಹೇಳುತ್ತಿದ್ದಾನೆಂದು ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಎದ್ದು ಹೋಗುವಾಗ ಮಾತ್ರ, ‘ಆ ಮಾತು ನನ್ನ ಬಾಯಿಂದ ಬರಬಾರದಿತ್ತು ಅಂತ ನಿಮ್ಮಕ್ಕಂಗೆ ಬರಿ. ಅಷ್ಟೇ ಬರಿ, ಉದ್ದ ಎಳೀಬೇಡ’ ಎಂದ. ಅದಕ್ಕೇ ಅಷ್ಟೇ ಬರೆದಿದ್ದೇನೆ. ಅಕ್ಕಾ, ನಾನು ಮನೆಗೆ ಬಂದು ಖಾಲಿ ಬುಟ್ಟಿ ಇಟ್ಟು, ಪಾತ್ರೆ ತೊಳೆಯುತ್ತಾ ಅತ್ತೆ. ಸಂತೋಷಕ್ಕೇ ಅತ್ತೆ. ಪೆಂತಿ ಬಂದು ತಟ್ಟೆಗಳನ್ನು ಒರೆಸಿಟ್ಟ.

ಕಾಲಿಗೆ ಪಟ್ಟಿ ಕಟ್ಟಿಕೋ. ರಾತ್ರಿ ಓದುವಾಗ ಸರಿಯಾದ ದೀಪ ಹಾಕಿಕೋ. ಪೆಂತಿ ನಿನ್ನನ್ನು ಕೇಳಿದ್ದಾನೆ, ಹೊಸ ಒಲೆ ಬಂದ ಮೇಲೆ ಮೊದಲ ಸೌನಾ ನಿನಗೇ ಎನ್ನುತ್ತಾನೆ. ದೇವರು ನಿನ್ನನ್ನು ಆರೋಗ್ಯವಾಗಿಟ್ಟಿರಲಿ, ನಿನ್ನ ಮೊಂಡುತನವನ್ನು ಸ್ವಲ್ಪ ಕಡಿಮೆ ಮಾಡಲಿ.

ನಿನ್ನ ಬಾಯಿಬಡುಕಿ ತಂಗಿ,
ಸಿರ್ಕು

ಮರೆತೆ ಅಕ್ಕಾ, ಹಿಲ್ಕ ಅಂಚೆಗಾಡಿ ನಿಲ್ಲಿಸಿಕೊಂಡು ಹಾರ್ನ್ ಹೊಡೆಯುತ್ತಿದ್ದಾಳೆ, ಬೇಗ ಬರೆಯುತ್ತೇನೆ. ಕಟ್ಟೆಯ ಆಚೆ ತುದಿ ಇನ್ನೂ ಆಗಿಲ್ಲ, ಜೂನ್ ಎಂಟರ ಶನಿವಾರ ಮತ್ತೆ ಸೇರಬೇಕು. ಕರೆಯನ್ನು ಬರೆದು ಹೊಸದರಲ್ಲಿ ಇಟ್ಟಿದ್ದೇನೆ. ಕೆಳಗೆ ಯಾರ ಹೆಸರು ಹಾಕಲಿ ಎಂದು ಓಯ್ವಾನನ್ನು ಕೇಳಿದೆ. ‘ಮಾರಿತ್ ಅಂತ ಹಾಕು, ಅವಳು ಕರೆದ್ರೆ ಬರ್ತೀವಿ’ ಎಂದ. ಹಾಕಿದ್ದೇನೆ, ಆದರೆ ಕಳಿಸಿಲ್ಲ, ಚೌಕದ ಗುರುತು ತೆಗೆದಿಟ್ಟಿದ್ದೇನೆ. ಹೋದ ಸಲ ನಿನ್ನನ್ನು ಕೇಳದೆ ನಿನ್ನ ಹೆಸರಿನಲ್ಲಿ ಕರೆದುಬಿಟ್ಟೆ, ಈ ಸಲ ನೀನು ಹೇಳದೆ ಒತ್ತುವುದಿಲ್ಲ. ಅದರ ಹಿಂದಿನ ದಿನ, ಶುಕ್ರವಾರ ಸಂಜೆ, ವಾಸಾದಿಂದ ಬಸ್ಸಿದೆ, ನಿಲ್ದಾಣಕ್ಕೆ ನಾನು ಬರುತ್ತೇನೆ. ಫೋನ್ ಮಾಡಿ ಹೂಂ ಅನ್ನು, ಅಕ್ಕಾ.